ವಾಪಸು ಬಂದ ಗಂಟು

ನಮ್ಮ ಕಾರ್ಖಾನೆಗೆ ಹೊಸದೇನೂ ಬರುವುದಿಲ್ಲ. ಯಾರ‍್ಯಾರೋ ಉಟ್ಟು, ತೊಟ್ಟು, ಬೇಸರ ಬಂದು ಬಿಸಾಕಿದ ಸ್ವೆಟರು, ಶಾಲು, ಕೋಟುಗಳು ಮೂಟೆ ಮೂಟೆಯಾಗಿ ಬಂದು ಬೀಳುತ್ತವೆ. ನಾವು ಅವನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತೇವೆ, ಕೆಂಪಿನ ಜೊತೆ ಕೆಂಪು, ಬೂದುಬಣ್ಣದ ಜೊತೆ ಬೂದುಬಣ್ಣ. ಹಾಗೆ ಮಾಡಿದರೆ ಮತ್ತೆ ಬಣ್ಣ ಹಾಕಬೇಕಿಲ್ಲ, ನೀರೂ ಕೆಡುವುದಿಲ್ಲ. ಆಮೇಲೆ ಗುಂಡಿ, ಜಿಪ್ಪು, ಹುಕ್ಕು, ಪಿನ್ನು ಎಲ್ಲ ಕತ್ತರಿಸಿ ತೆಗೆದು ಬರೀ ಉಣ್ಣೆಯನ್ನು ಗಂಟು ಕಟ್ಟಿ ಯಂತ್ರಕ್ಕೆ ಕೊಡುತ್ತೇವೆ. ಯಂತ್ರಕ್ಕೆ ನಾವಿಟ್ಟ ಹೆಸರು ಬಕಾಸುರ. ಅದಕ್ಕೆ ಮೈತುಂಬ ಉಕ್ಕಿನ ಹಲ್ಲು. ಏನು ಕೊಟ್ಟರೂ ಹರಿದು, ಸಿಗಿದು, ಹಿಂಜಿ ಆ ಕಡೆಯಿಂದ ಎಳೆಯಾಗಿ ಉಗುಳುತ್ತದೆ. ಆ ಎಳೆಯಿಂದ ಮತ್ತೆ ನೂಲು, ನೂಲಿನಿಂದ ಮತ್ತೆ ಸ್ವೆಟರು. ಭೂಮಿಗೆ ಭಾರವಾಗದ ಬಟ್ಟೆ ಎಂದು ಚೀಟಿ ಅಂಟಿಸಿ, ನಾವು ಕನಸಿನಲ್ಲೂ ಕಾಲಿಡದ ಅಂಗಡಿಗಳಲ್ಲಿ ಅದನ್ನು ಮಾರುತ್ತಾರಂತೆ. ಮಾರಲಿ, ಒಳ್ಳೆಯ ಕೆಲಸವೇ. ನನಗೇನೂ ತಕರಾರಿಲ್ಲ.

ಬಕಾಸುರನಿಗೆ ಕಬ್ಬಿಣ ಮಾತ್ರ ಆಗಿಬರುವುದಿಲ್ಲ. ಉಗುರಿನಷ್ಟು ಹುಕ್ಕು ಹಲ್ಲಿಗೆ ಸಿಕ್ಕಿದರೂ ಕಿಡಿ ಹಾರುತ್ತದೆ. ಆ ಕೋಣೆಯ ಗಾಳಿಯ ತುಂಬ ಉಣ್ಣೆಯ ಧೂಳು, ಭಗ್ಗೆಂದು ಹತ್ತಿಕೊಳ್ಳಲು ಒಂದು ಕಿಡಿ ಸಾಕು. ನನ್ನ ಅಣ್ಣನಿಗಿಂತ ಮೊದಲು ಯಂತ್ರ ನಡೆಸುತ್ತಿದ್ದವನ ಮುಖ ಹಾಗೇ ಅರ್ಧ ಬೆಂದುಹೋಯಿತು. ಬದುಕಿದ್ದಾನೆ, ಆದರೆ ಮನೆಯಿಂದ ಹೊರಗೆ ಬರುವುದಿಲ್ಲ.

ಆ ಬೆಂಕಿಯಾದ ಮೇಲೆ ಕತ್ತರಿಸುವ ಮೇಜಿನ ಹೆಂಗಸರೆಲ್ಲ ಸೇರಿ ಒಂದು ಕಟ್ಟಳೆ ಮಾಡಿಕೊಂಡೆವು. ಒಬ್ಬೊಬ್ಬಳೂ ತನ್ನ ಗಂಟನ್ನು ತನ್ನದೇ ಬಣ್ಣದ ಪಟ್ಟಿಯಿಂದ ಕಟ್ಟಬೇಕು. ಯಂತ್ರದವನಿಗೆ ಯಾವ ಗಂಟಿನ ಮೇಲಾದರೂ ಅನುಮಾನ ಬಂದರೆ ಮಾತಿಲ್ಲದೆ ತಂದು ಅವಳ ಮುಂದಿಡಬೇಕು. ಅವಳು ಎಲ್ಲರೆದುರು ಬಿಚ್ಚಿ ನೋಡಬೇಕು. ಕಬ್ಬಿಣ ಸಿಕ್ಕಿತೋ, ಅವಳು ಕೆಲಸ ಬಿಡಬೇಕು. ಸಿಗಲಿಲ್ಲವೋ, ಅವನು ಯಂತ್ರ ಬಿಟ್ಟು ಮೂಟೆ ಹೊರಲು ಹೋಗಬೇಕು. ಗಂಡಸರು ಸುಮ್ಮಸುಮ್ಮನೆ ಹೆಂಗಸರ ಮೇಲೆ ಗೂಬೆ ಕೂರಿಸಬಾರದೆಂದು ಈ ಎರಡನೆಯ ಮಾತು ಸೇರಿಸಿದವಳು ನನ್ನ ಅತ್ತಿಗೆ. ಮೇಸ್ತ್ರಿಯೂ ಒಪ್ಪಿದ. ಅದಾದ ಕೆಲವೇ ದಿನಕ್ಕೆ ಅವಳ ಗಂಡನನ್ನೇ, ಅಂದರೆ ನನ್ನ ಅಣ್ಣನನ್ನೇ, ಯಂತ್ರಕ್ಕೆ ಹಾಕಿದರು.

ನಾನು ಅವರ ಮನೆಯಲ್ಲೇ ಇರುವುದು. ಗಂಡ ಬಿಟ್ಟುಹೋದ ಮೇಲೆ ಪೆಟ್ಟಿಗೆ ಹಿಡಿದುಕೊಂಡು ಬಂದವಳನ್ನು ಅತ್ತಿಗೆ ಒಂದು ಮಾತೂ ಕೇಳದೆ ಒಳಗೆ ಕರೆದುಕೊಂಡಳು, ಮರುದಿನವೇ ಕೈಗೆ ಕತ್ತರಿ ಕೊಟ್ಟಳು. ಹೊಲಿಗೆಯ ಮಡಿಕೆಯಲ್ಲಿ ಹುಕ್ಕು ಹೇಗೆ ಅವಿತುಕೊಂಡಿರುತ್ತದೆ, ಕಾಲರಿನೊಳಗೆ ತಂತಿ ಎಲ್ಲಿರುತ್ತದೆ ಎಂದು ಬೆರಳು ಹಿಡಿದು ತೋರಿಸಿಕೊಟ್ಟವಳು ಅವಳೇ. ನನ್ನ ಬಾಯಿ ಸ್ವಲ್ಪ ಜೋರು, ಅದಕ್ಕೆ ನನ್ನನ್ನು ಮೆಣಸಿನಕಾಯಿ ಎನ್ನುತ್ತಾಳೆ. ಅವಳ ಬಾಯಿಂದ ಆ ಹೆಸರು ಕೇಳಿದರೆ ನನಗೆ ಸಿಟ್ಟೇ ಬರುವುದಿಲ್ಲ. ಬೇರೆಯವರು ಅಂದು ನೋಡಲಿ.

ಹೋದ ಚಳಿಗಾಲದಲ್ಲಿ ಅತ್ತಿಗೆಯ ಬೆರಳು ಮರಗಟ್ಟಲು ಶುರುವಾಯಿತು. ಸಕ್ಕರೆ ಕಾಯಿಲೆ. ಮೊದಮೊದಲು ಚಳಿಗೆ ಅಂದಳು. ಆಮೇಲೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೆರಳಿಗೆ ಬೊಬ್ಬೆ ಬಂದದ್ದು ಮರುದಿನ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಾದಳು. ನಾವೂ ಸುಮ್ಮನಾದೆವು. ನಮ್ಮ ಮನೆಯಲ್ಲಿ ಕಷ್ಟದ ಮಾತು ಬಂದರೆ ಮೂವರ ಬಾಯಿಗೂ ಬೀಗ. ನನ್ನದಕ್ಕೂ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಣ್ಣನಿಗೆ ನೀರು ಕೊಡೋಣವೆಂದು ಯಂತ್ರದ ಕೋಣೆಗೆ ಹೋದೆ. ಬಕಾಸುರ ನಿಂತಿದ್ದ. ಅಣ್ಣ ಅದರ ಬಾಯಿಯ ಪಕ್ಕದಲ್ಲೇ ಮಂಡಿಯೂರಿ ಕೂತು ಹಸಿರು ಪಟ್ಟಿಯ ಗಂಟು ಬಿಚ್ಚಿಕೊಂಡು ಒಂದೊಂದೇ ತುಂಡನ್ನು ಹಿಸುಕಿ ಹಿಸುಕಿ ನೋಡುತ್ತಿದ್ದ. ಹಸಿರು ಅತ್ತಿಗೆಯ ಬಣ್ಣ.

"ಏನೋ ಇದು?" ಎಂದೆ.

ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ಎದ್ದು ನಿಂತ. ಜೇಬಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದ. ಒಳಗೆ ಕೆಲವು ಹುಕ್ಕು, ಒಂದು ಮುರಿದ ಪಿನ್ನು.

"ಇದೆಲ್ಲ ಅವಳ ಗಂಟಲ್ಲೇ ಸಿಕ್ಕಿದ್ದು. ಚಳಿ ಶುರುವಾದಾಗಿನಿಂದ. ಅವಳಿಗೆ ಗೊತ್ತಿಲ್ಲ. ನೀನೂ ಬಾಯಿ ಬಿಡ್ಬೇಡ."

"ಹೇಳ್ಬಾರ್ದಾ ಅವಳಿಗೆ?"

"ಏನಂತ ಹೇಳ್ಲಿ? ನಿನ್ನ ಕೈ ಸತ್ತೋಗಿದೆ ಅಂತಲಾ?"

ಅವಳ ಗಂಟುಗಳನ್ನು ಬೇರೆ ತೆಗೆದಿಟ್ಟುಕೊಂಡು, ಊಟ ಬಿಟ್ಟು ದಿನಾ ಹೀಗೆ ಕೂರುತ್ತಿದ್ದನಂತೆ. ಅವನು ಯಾಕೆ ಇಷ್ಟು ಸೊರಗಿದ್ದಾನೆಂದು ಅತ್ತಿಗೆ ತಲೆ ಕೆಡಿಸಿಕೊಂಡು ಬುತ್ತಿಗೆ ಇನ್ನೊಂದು ಹಿಡಿ ಹೆಚ್ಚು ಹಾಕುತ್ತಿದ್ದಳು, ಅದು ಹಾಗೇ ವಾಪಸು ಬರುತ್ತಿತ್ತು.

ಅದೇ ವಾರ ನಾನು ಇನ್ನೊಂದು ನೋಡಿದೆ. ಮೇಜಿನ ಹತ್ತಿರ ಅತ್ತಿಗೆ ಕತ್ತರಿಸಿದ ತುಂಡನ್ನು ಗಂಟಿಗೆ ಹಾಕುವ ಮುಂಚೆ ಮುಖದ ಹತ್ತಿರ ತರುತ್ತಿದ್ದಳು. ವಾಸನೆ ನೋಡುತ್ತಿದ್ದಾಳೆ ಅಂದುಕೊಂಡೆ. ಮನೆಗೆ ಬರುವ ದಾರಿಯಲ್ಲಿ ಕೆನ್ನೆಯ ಮೇಲೆ ಸಣ್ಣ ಸಣ್ಣ ಗೀರು ಕಂಡು ಕೇಳಿಯೇಬಿಟ್ಟೆ.

"ಅತ್ತಿಗೆ, ಬೆಕ್ಕು ಪರಚಿತಾ?"

"ನಮ್ಮನೇಲಿ ಬೆಕ್ಕೆಲ್ಲಿದೆ, ನಿನ್ನ ಬಿಟ್ರೆ?" ಎಂದು ನಕ್ಕಳು. ಸ್ವಲ್ಪ ದೂರ ನಡೆದ ಮೇಲೆ ತಾನೇ ಹೇಳಿದಳು. "ಹುಕ್ಕಿರೋದು ಕೈಗೆ ಗೊತ್ತಾಗಲ್ಲ ಕಣೇ. ಕೆನ್ನೆಗೆ ಗೊತ್ತಾಗತ್ತೆ. ತುಟಿಗೆ ಇನ್ನೂ ಚೆನ್ನಾಗಿ. ಈಗ ಒಂದೂ ತಪ್ಪಿಸ್ಕೊಳ್ಳಲ್ಲ. ಸ್ವಲ್ಪ ನಿಧಾನ ಆಗತ್ತೆ, ಅಷ್ಟೆ."

ಅಪರಿಚಿತರ ಬೆವರು ಕುಡಿದ ಹಳೇ ಬಟ್ಟೆಗೆ ದಿನವಿಡೀ ಕೆನ್ನೆ ಕೊಟ್ಟು ಕೂರುವುದು. ಅವಳು ಮಾತ್ರ ಏನೋ ಹೊಸ ವಿದ್ಯೆ ಕಲಿತವಳ ಹಾಗೆ ಖುಷಿಯಲ್ಲಿದ್ದಳು.

ಇದನ್ನು ಅಣ್ಣನಿಗೆ ಹೇಳಿದೆ. ಇನ್ನಾದರೂ ಅವನು ಊಟ ಮಾಡಲಿ ಎಂಬ ಆಸೆ.

"ಕೆನ್ನೆಯಿಂದಾ?" ಎಂದ. ನಗಲು ಹೋಗಿ ಮುಖ ಸೊಟ್ಟಗಾಯಿತು. "ಅಯ್ಯೋ ದೇವರೇ, ಕೆನ್ನೆಯಿಂದ."

"ಒಂದೂ ತಪ್ಪಲ್ಲ ಅಂದ್ಲು ಕಣೋ. ನೋಡು ಬೇಕಾದ್ರೆ. ಈಚೆಗೆ ನಿಂಗೆ ಏನಾದ್ರೂ ಸಿಕ್ಕಿದೆಯಾ?"

"ಸಿಕ್ಕಿಲ್ಲ," ಎಂದು ಒಪ್ಪಿಕೊಂಡ. "ಆದ್ರೆ ನಾಳೆ ಸಿಗಲ್ಲ ಅಂತ ಯಾರು ಹೇಳ್ತಾರೆ?" ಮತ್ತೆ ಊಟ ಬಿಟ್ಟು ಕೂತ. ಹೆದರಿಕೆ ಒಮ್ಮೆ ಹೊಟ್ಟೆಗೆ ಹೊಕ್ಕಿತೆಂದರೆ ಅನ್ನಕ್ಕೆ ಜಾಗ ಇರುವುದಿಲ್ಲ.

ಹಾಗೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ನಮ್ಮ ನೂಲು ಕೊಳ್ಳುವ ದೊಡ್ಡ ಕಂಪನಿಯಿಂದ ಒಬ್ಬ ಹೆಂಗಸು ತಪಾಸಣೆಗೆ ಬಂದಳು. ಒಳ್ಳೆಯ ಹೆಂಗಸು, ಸುಳ್ಳು ಯಾಕೆ ಹೇಳಲಿ. ಕುಡಿಯುವ ನೀರು ರುಚಿ ನೋಡಿದಳು, ಶೌಚಾಲಯಕ್ಕೆ ಚಿಲಕ ಹಾಕಿಸಿದಳು, ಮೂಗಿಗೆ ಕಟ್ಟುವ ಬಟ್ಟೆ ತರಿಸಿದಳು. ನಮ್ಮ ಸ್ವೆಟರು ತೊಡುವವರಿಗೆ ಅದನ್ನು ಮಾಡಿದವರ ಮೈಮೇಲೆ ಒಂದು ಗಾಯವೂ ಆಗಿಲ್ಲ ಎಂಬ ಭರವಸೆ ಬೇಕು ಎಂದಳು. ಯಂತ್ರದ ಕೋಣೆ ನೋಡಿ ಅವಳ ಜೀವ ಬಾಯಿಗೆ ಬಂತು. ಇನ್ನು ಮೇಲೆ ಆ ಕೋಣೆಯಲ್ಲಿ ಯಾರೂ ಗಂಟು ಬಿಚ್ಚಕೂಡದು, ಹಲ್ಲಿನ ಹತ್ತಿರ ಕೈ ಹೋಗಕೂಡದು, ನೋಡುವುದೇನಿದ್ದರೂ ಮೇಜಿನ ಮೇಲೆ, ಊಟದ ಹೊತ್ತಿನಲ್ಲಿ ಕೋಣೆಗೆ ಬೀಗ ಎಂದು ಹೊಸ ನಿಯಮ ಬರೆಸಿ ಹೋದಳು. ಮೇಸ್ತ್ರಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗತೊಡಗಿದ. ನಿಯಮದಲ್ಲಿ ತಪ್ಪು ಹುಡುಕಲು ನನ್ನಿಂದಲೂ ಆಗಲಿಲ್ಲ.

ಅಲ್ಲಿಗೆ ಅಣ್ಣನ ಗುಟ್ಟಿನ ತಪಾಸಣೆ ಮುಗಿಯಿತು. ಹಸಿರು ಪಟ್ಟಿಯ ಗಂಟು ಬಂದಾಗಲೆಲ್ಲ ಕಣ್ಣು ಮುಚ್ಚಿ ಬಕಾಸುರನ ಬಾಯಿಗೆ ತಳ್ಳಿ, ಗೋಡೆಗೆ ಅಂಟಿ ನಿಲ್ಲುತ್ತಿದ್ದ. ಅವನು ಹೀಗೆ ಹೆದರಿ ನಿಲ್ಲುವುದು ಅತ್ತಿಗೆಯ ಕಿವಿಗೂ ಬಿತ್ತು. ಇನ್ನೂ ನಿಧಾನವಾಗಿ, ತುಂಡು ತುಂಡನ್ನೂ ಎರಡೆರಡು ಸಲ ಕೆನ್ನೆಗೊತ್ತಿ ನೋಡತೊಡಗಿದಳು. ಕೆನ್ನೆ ಕೆಂಪಗೆ ಹಣ್ಣಾಯಿತು. ಮೇಜಿನ ಹೆಂಗಸರು ಗಂಡ ಮುದ್ದು ಮಾಡಿದ್ದು ಜಾಸ್ತಿಯಾಯಿತು ಎಂದು ಚುಡಾಯಿಸಿದರು. ಅವಳೂ ಅವರ ಜೊತೆ ನಕ್ಕಳು.

ಒಂದು ದಿನ ಬೆಳಗ್ಗೆ ಅಣ್ಣ ಯಂತ್ರ ನಿಲ್ಲಿಸಿ ಹೊರಗೆ ಬಂದ. ಕೈಯಲ್ಲಿ ಹಸಿರು ಪಟ್ಟಿಯ ಗಂಟು. ಅದನ್ನು ನೋಡಿ ಮೇಜಿನ ಕತ್ತರಿಗಳೆಲ್ಲ ಒಂದೊಂದಾಗಿ ನಿಂತವು. ಗಂಟನ್ನು ಅತ್ತಿಗೆಯ ಮುಂದಿಟ್ಟು, ತಲೆ ತಗ್ಗಿಸಿ ನಿಂತ.

"ಏನಾಯ್ತಯ್ಯಾ?" ಎಂದು ಮೇಸ್ತ್ರಿ ಓಡಿಬಂದ.

"ಏನೋ ಸದ್ದು ಬಂದಂಗಾಯ್ತು," ಎಂದ ಅಣ್ಣ.

ಉಣ್ಣೆಯ ಗಂಟಿನಲ್ಲಿ ಹುಕ್ಕಿನ ಸದ್ದು ಯಾರಿಗೂ ಕೇಳುವುದಿಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತು.

ಅತ್ತಿಗೆ ಅವನ ಮುಖ ನೋಡಿದಳು. ಆಮೇಲೆ ಪಟ್ಟಿ ಬಿಚ್ಚಿದಳು. ಮೊದಲ ತುಂಡು ಎತ್ತಿ ಎಲ್ಲರೆದುರು ಕೆನ್ನೆಗೆ ಒತ್ತಿಕೊಂಡಳು. ಅಲ್ಲಿಯವರೆಗೆ ಚುಡಾಯಿಸುತ್ತಿದ್ದವರಿಗೆ ಆ ಗೀರುಗಳ ಅರ್ಥ ಆಗಿ, ಒಬ್ಬೊಬ್ಬರೇ ಮುಖ ಬೇರೆ ಕಡೆ ತಿರುಗಿಸಿದರು. ಕೆನ್ನೆ, ತುಟಿ, ಪಕ್ಕಕ್ಕೆ. ಕೆನ್ನೆ, ತುಟಿ, ಪಕ್ಕಕ್ಕೆ. ನಾನು ಪಕ್ಕದಲ್ಲೇ ನಿಂತು ಅವಳು ಇಟ್ಟದ್ದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ನನ್ನ ಕೈಯಿಂದ ಹಿಸುಕಿಯೂ ನೋಡಿದೆ. ಏನೂ ಇರಲಿಲ್ಲ. ಒಂದು ಕೂದಲಿನಷ್ಟು ತಂತಿಯೂ ಇರಲಿಲ್ಲ. ನನ್ನ ಅತ್ತಿಗೆಯ ಕೆನ್ನೆ ನಮ್ಮೆಲ್ಲರ ಬೆರಳಿಗಿಂತ ಚೊಕ್ಕವಾಗಿ ಕೆಲಸ ಮಾಡಿತ್ತು. ಕೂಗಿ ಹೇಳಬೇಕೆನಿಸಿತು.

ಬುಡದ ತುಂಡುಗಳಿಗೆ ಬರುವಾಗ ಅವಳ ಕೈ ನಿಧಾನವಾಯಿತು. ಮತ್ತೆ ಅಣ್ಣನ ಕಡೆ ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು, ಒಂದು ಕೈ ಸೊಂಟ ಹಿಡಿದುಕೊಂಡಿತ್ತು. ಹಿಂದೆ ಮೂಟೆ ಹೊತ್ತೇ ಹಾಳಾದ ಸೊಂಟ ಅದು. ವೈದ್ಯರು ಇನ್ನೊಮ್ಮೆ ಭಾರ ಎತ್ತಿದರೆ ಹಾಸಿಗೆಯೇ ಗತಿ ಎಂದಿದ್ದರು.

ಮೇಜಿನ ಮೇಲೆ, ನಾವು ಬೆಳಗಿನಿಂದ ಕತ್ತರಿಸಿ ಗುಡ್ಡೆ ಹಾಕಿದ್ದ ಗುಂಡಿ, ಜಿಪ್ಪು, ಹುಕ್ಕುಗಳ ರಾಶಿಯ ಮೇಲೆ ಅವಳ ಎಡಗೈ ಹಾಗೇ ಸರಿದದ್ದನ್ನು ನಾನು ಕಂಡೆ. ಮರಗಟ್ಟಿದ ಬೆರಳು, ಹಿಡಿತ ಸಿಗದೆ ತಡವರಿಸಿತು. ಒಂದು ಹುಕ್ಕು ಕೆಳಗೆ ಬಿತ್ತು, ಇನ್ನೊಂದು ಸಿಕ್ಕಿತು. ಕೊನೆಯ ತುಂಡಿನ ಮಡಿಕೆಯೊಳಗೆ ಅದು ಹೋಯಿತು. ತುಂಡನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ಇಗೋ," ಎಂದಳು. "ಇತ್ತು."

ಹುಕ್ಕನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅವಳ ಕಾಲು ನನ್ನ ಪಾದವನ್ನು ಬಲವಾಗಿ ಒತ್ತಿತು.

"ಸುಮ್ನಿರು ಮೆಣಸಿನಕಾಯಿ. ಕಣ್ಣಿಗೆ ಕಾಣ್ತಿಲ್ವಾ? ಇತ್ತು ಅಂದೆನಲ್ಲ."

ಮೇಸ್ತ್ರಿ ಸೊಂಟದ ಬೀಗದ ಕೈ ಸರಿ ಮಾಡಿಕೊಂಡು ಹೊರಟುಹೋದ. ಅತ್ತಿಗೆ ಕತ್ತರಿಯನ್ನು ಒರೆಸಿ ನನ್ನ ಮುಂದಿಟ್ಟು, ಮೈಮೇಲಿನ ಎಳೆಗಳನ್ನು ಕೊಡವಿಕೊಂಡು, ಬುತ್ತಿ ತೆಗೆದುಕೊಂಡು ಮನೆಗೆ ನಡೆದಳು. ಅಷ್ಟು ವರ್ಷ ಆ ಮೇಜಿಗೆ ಕೆಲಸ ಕಲಿಸಿದವಳನ್ನು ಬಾಗಿಲಿನವರೆಗೆ ಬಿಟ್ಟುಬರಲೂ ಯಾರಿಗೂ ಧೈರ್ಯ ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಅಡುಗೆಯಾಗಿತ್ತು. ನಾನು ಅವಳನ್ನು ಒಲೆಯ ಹತ್ತಿರವೇ ತಡೆದು ನಿಲ್ಲಿಸಿದೆ.

"ಗಂಟು ಶುದ್ಧವಾಗಿತ್ತು ಅತ್ತಿಗೆ. ನಾನು ನೋಡ್ದೆ. ಎಲ್ಲಾ ನೋಡ್ದೆ."

"ನೋಡಿದ್ರೆ ಹೊಟ್ಟೇಲಿ ಇಟ್ಕೋ."

"ಯಾಕೆ? ತಪ್ಪು ಅವನದ್ದು. ನಂಬಲಿಲ್ಲ ನಿನ್ನ."

"ನಂಬೋಕೆ ಆಗದೇ ಇರೋದು ತಪ್ಪೇನೇ? ಹೆದರಿದ್ರು ಪಾಪ," ಎಂದಳು. "ಇಬ್ಬರಲ್ಲಿ ಒಬ್ಬರು ಇಳೀಬೇಕಿತ್ತು. ಆ ಸೊಂಟ ಇಟ್ಕೊಂಡು ಅವರು ಮೂಟೆ ಹೊರೋಕಾಗತ್ತಾ? ನಂದು ಬೆರಳು, ಹೇಗೂ ಹೋಗಿರೋದು." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೆಲಸ ನಂಗೆ ಚೆನ್ನಾಗಿ ಬರ್ತಿತ್ತು ಕಣೇ," ಎಂದಳು. ನನಗೆ ಆಗ ಅಳು ತಡೆಯಲಾಗಲಿಲ್ಲ.

ಅಣ್ಣ ಕೈಕಾಲು ತೊಳೆದು ಬಂದು ಊಟಕ್ಕೆ ಕೂತ. ಎಷ್ಟೋ ತಿಂಗಳಿಂದ ಹೊತ್ತಿದ್ದ ಭಾರ ಇಳಿಸಿದವನ ಹಾಗಿದ್ದ. "ನನ್ನ ಮೇಲೆ ಸಿಟ್ಟಾ?" ಎಂದು ಅವಳನ್ನೇ ಕೇಳಿದ.

"ನಿಮ್ಮ ಮೇಲೆ ಯಾಕ್ರೀ ಸಿಟ್ಟು? ಇತ್ತಲ್ಲ."

"ಅದೇ ಮತ್ತೆ. ಆ ಗಂಟು ಹಾಗೇ ಹಾಕಿದ್ರೆ ಏನಾಗ್ತಿತ್ತು! ನೆನೆಸ್ಕೊಂಡ್ರೆ ಈಗ್ಲೂ ಎದೆ ಧಸಕ್ ಅನ್ನತ್ತೆ. ಏನೋ ನನ್ನ ಮನಸ್ಸಿಗೆ ಅನ್ನಿಸ್ತು ನೋಡು."

"ಹೂಂ," ಎಂದಳು ಅತ್ತಿಗೆ. "ನಿಮ್ಮ ಮನಸ್ಸಿಗೆ ಸರಿಯಾಗೇ ಅನ್ನಿಸ್ತು."

ನಾನು ತಟ್ಟೆ ನೋಡುತ್ತ ಹಲ್ಲು ಕಚ್ಚಿಕೊಂಡು ಕೂತೆ. ಅಣ್ಣ ಚೆನ್ನಾಗಿ ಹಸಿದಿದ್ದ. ಮತ್ತೆ ಅನ್ನ ಕೇಳಿದ. ಅತ್ತಿಗೆ ಸೌಟನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ, ಅವನಿಗೆ ಸಾಕು ಅನ್ನುವವರೆಗೆ ಬಡಿಸಿದಳು.