ಪ್ರೋಟ್ಯೂಸ್ ಡಬ್ಬಿ

“ಇದರ ಹಿಂದೆ ಏನೋ ಗೀಚಿದೆ ನೋಡಿ, ಮೇಡಂ,” ಎಂದು ಫ್ಲೋರಿಸ್ ಚೀಟಿ ಎತ್ತಿ ಹಿಡಿದ.

“ಚೀಟಿಗೆ ಹಿಂಬದಿ ಅನ್ನೋದೇ ಇರಲ್ಲ ಕಣಯ್ಯ,” ಎಂದಳು ವಿಲ್ಲೆಮೈನ್, ತಲೆ ಎತ್ತದೆ. ಲೈಡನ್ನಿನ ಆ ನಿಘಂಟು ಕಚೇರಿಯಲ್ಲಿ ನಲವತ್ತೊಂದು ವರ್ಷ ಸವೆಸಿದವಳ ಮಾತು. ಊರೂರಿನಿಂದ ಪದ ಕಳಿಸುವವರು ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು. ಬಂದ ಹಾಳೆಗಳನ್ನು ಇಪ್ಪತ್ತಿಪ್ಪತ್ತು ಜೋಡಿಸಿ ಕತ್ತರಿಸಬೇಕು; ಪದವಿದ್ದ ಮೇಲ್ತುಂಡು ಚೀಟಿಯಾಗಿ ಡಬ್ಬಿಗೆ, ಉಳಿದದ್ದು ಬುಟ್ಟಿಗೆ. ಹೊಸಬಳಾಗಿದ್ದಾಗ ಆ ಕೆಲಸ ಅವಳದೇ. ಈಗ ನಿವೃತ್ತಿಗೆ ವಾರವಿದೆ. ಸಹಾಯಕ ಫ್ಲೋರಿಸ್ ಡಬ್ಬಿಗಳ ಚೀಟಿಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತಿದ್ದಾನೆ.

ಇದು ‘ಪ್ರೋಟ್ಯೂಸ್’ ಡಬ್ಬಿ. ಹಿಡಿಯಹೋದರೆ ಸಿಂಹವಾಗಿ, ಮರವಾಗಿ, ನೀರಾಗಿ ನುಣುಚಿಕೊಳ್ಳುವ ಗ್ರೀಕರ ಕಡಲಮುದುಕ. ಅವನ ಹೆಸರಿಗೂ ಬಂದರಿಗೊಂದು ವೇಷ. ಹಡಗಿನ ರೇಡಿಯೋ ಆಪರೇಟರ್ ಯೋರಿಸ್ ಹೆಕ್, ದೋಣಿಗಳ ಮೇಲೆ ಕಂಡ ಅದರ ರೂಪಗಳನ್ನೆಲ್ಲ ಬರೆದು ಕಳಿಸುತ್ತಿದ್ದ: ಲಿವೊರ್ನೊದಿಂದ ಪ್ರೊತೆಯೊ, ಬ್ರೆಸ್ತ್‌ನಿಂದ ಪ್ರೊತೇ, ಹ್ಯಾಂಬರ್ಗಿನಿಂದ ಪ್ರೋಟೊಯ್ಸ್. ರಜೆಯಲ್ಲಿ ಬಂದಾಗ ಕಚೇರಿಯ ಕಾಫಿ ಕುಡಿದು, “ಕಡಲ ನೀರೇ ವಾಸಿ ಇತ್ತು ಮಾರಾಯ್ತಿ,” ಎಂದು ಅವಳನ್ನು ರೇಗಿಸುತ್ತಿದ್ದ. ಒಂದು ದಿನ ಕಾಗದ ನಿಂತೇಹೋಯಿತು. ಹೇಳದೆ ಕೇಳದೆ ಕೈಬಿಟ್ಟನಲ್ಲ ಎಂದು ಅವಳು ವರ್ಷಗಟ್ಟಲೆ ಮುನಿದಿದ್ದಳು.

ಫ್ಲೋರಿಸ್ ಗಟ್ಟಿಯಾಗಿ ಓದಿದ: “‘ವಿಲ್ಲೆಮೈನ್, ನಿಮ್ಮ ಕಚೇರಿ ನಿಯಮ ಗೊತ್ತು, ಆದರೂ ಹಿಂದೆ ಬರೀತಿದೀನಿ. ಎದುರಿಗೆ ಕೇಳೋಕೆ ನನ್ನ ಕೈಲಾಗಲ್ಲ. ಹದಿನಾಲ್ಕನೇ ತಾರೀಖು ಶನಿವಾರ ಹಡಗು ರಾಟರ್‌ಡ್ಯಾಮಿಗೆ ಬರುತ್ತೆ. ನೀನು ಕಟ್ಟೆ ಹತ್ತಿರ ನಿಂತಿದ್ರೆ ಮದುವೆಗೆ ಹೂಂ ಅಂತ ತಿಳ್ಕೋತೀನಿ. ಇಲ್ದಿದ್ರೆ ಮತ್ತೆ ತೊಂದರೆ ಕೊಡಲ್ಲ. ಒಂದು ಮಾತ್ರ ನಿನಗೆ ಹೇಳ್ಬೇಕು...’ ಇಲ್ಲಿಗೆ ಕತ್ತರಿಸಿಬಿಟ್ಟಿದಾರೆ! ಯಾವ ಪುಣ್ಯಾತ್ಮರೋ!”

“ನಾನೇ.”

ಅವನ ನಗು ಅಲ್ಲೇ ನಿಂತಿತು. “ಆ ಶನಿವಾರ ನೀವು...”

“ಇಲ್ಲೇ ಇದ್ದೆ. ಪೋರ್ಚುಗೀಸ್ ರೂಪ ಇನ್ನೂ ಕಳಿಸಿಲ್ಲ ಅಂತ ಅವನನ್ನ ಬೈಕೊಂಡು.”

“ವಿಳಾಸ ಹುಡುಕಿ ನೋಡ್ಲಾ ಮೇಡಂ? ಈಗೆಲ್ಲ ಯಾರನ್ನಾದ್ರೂ ಹುಡುಕ್ಬಹುದು.”

“ಹೋದ ವರ್ಷ ತೀರಿಕೊಂಡ. ಪೇಪರಿನಲ್ಲಿ ಬಂದಿತ್ತು. ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಎಲ್ಲರ ಹೆಸರೂ ಇತ್ತು. ಅಚ್ಚಿನ ತಪ್ಪು ಎರಡು.”

ಅವಳು ಚೀಟಿ ಇಸಿದುಕೊಂಡು ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದಳು. ಅಂಚು ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. ಒಳ್ಳೆ ಕೈ ಎಂದು ಆಗ ಎಲ್ಲರೂ ಹೊಗಳುತ್ತಿದ್ದರು.

“ಮುಂಬದಿ ಮಾತ್ರ ಸ್ಕ್ಯಾನ್ ಮಾಡ್ಲಾ?” ಫ್ಲೋರಿಸ್ ಮೆಲ್ಲಗೆ ಕೇಳಿದ.

ವಿಲ್ಲೆಮೈನ್ ಎದ್ದು ಬಂದು, ಹಿಂಬದಿಯ ಬರಹ ಸ್ಕ್ಯಾನರಿನ ಗಾಜಿಗೆ ತಾಗುವಂತೆ ಚೀಟಿಯನ್ನಿಟ್ಟಳು. ಮುಚ್ಚಳ ಹಾಕಿ ಎರಡೂ ಕೈಯಿಂದ ಒತ್ತಿಹಿಡಿದಳು. ಬೆಳಕು ಆ ತುದಿಯಿಂದ ಈ ತುದಿಗೆ ಸರಿದು ಆರಿತು. ಕೈ ಇನ್ನೂ ಒತ್ತಿಯೇ ಇತ್ತು.