ನಕ್ಷೆಯ ಮೇಲಿನ ಸೇತುವೆ

ಸೀಸೆಯ ಬಾಯಿಗೆ ಬಟ್ಟೆ ಕಟ್ಟಿ ಒಡಿಲಿಯಾ ತನ್ನ ಬೈಕಿನ ಟ್ಯಾಂಕಿಗೆ ಪೆಟ್ರೋಲು ಸೋಸುತ್ತಿದ್ದಳು. ಕೊನೆಯ ಹನಿಯೂ ಇಳಿಯಲೆಂದು ಸೀಸೆಯ ತಳ ತಟ್ಟಿದಳು.

"ನನ್ನ ಸೀಸೆ ಒಡೆದೀಯೆ," ಎಂದಳು ಗೂಡಂಗಡಿಯ ಪೆರೋನಿ ಅಜ್ಜಿ. "ದುಡ್ಡು?"

"ಬರ್ಕೊಳ್ಳಿ ಅಜ್ಜಿ."

"ಬರೆಯೋಕೆ ಗೋಡೇಲಿ ಜಾಗ ಇಲ್ಲ. ಮಾತ್ರೆ ಹಂಚೋಕೆ ಅಟ್ತಾರಲ್ಲ, ಆ ಕಚೇರಿಯವರು ಪೆಟ್ರೋಲಿಗೆ ಕೊಡಲ್ವೇನೆ?"

"ಕೊಡ್ತಾರೆ. ಸೇತುವೆ ಮೇಲೆ ಹೋದಷ್ಟಕ್ಕೆ."

"ಯಾವ ಸೇತುವೆ? ಹೊಳೆ ನುಂಗಿದ್ದಾ?" ಅಜ್ಜಿ ಎಲೆಯಡಿಕೆ ಉಗುಳಿ ನಕ್ಕಳು. "ಹಂಗಾದ್ರೆ ಹಾರ್ಕೊಂಡು ಹೋಗು ತಾಯಿ!"

ಪಟ್ಟಣದ ಕಚೇರಿಯ ಕಂಪ್ಯೂಟರಿನಲ್ಲಿ ಆ ಸೇತುವೆ ಇನ್ನೂ ಗಟ್ಟಿಯಾಗಿ ನಿಂತಿತ್ತು. ಕ್ಷಯರೋಗಿಗಳ ಮನೆಗೆ ಮಾತ್ರೆ ಒಯ್ಯುವವರಿಗೆ ನಕ್ಷೆ ತೋರಿಸಿದ ದೂರಕ್ಕಷ್ಟೇ ಭತ್ಯೆ. ಹೊಳೆಯಾಚೆಯ ವೈತೊಬಾ ಎಂಬ ಊರಿಗೆ ಈಗ ಗುಡ್ಡ ಬಳಸಿ ಹೋಗಬೇಕು. ಹೆಚ್ಚಿನ ಪೆಟ್ರೋಲೆಲ್ಲ ಒಡಿಲಿಯಾಳ ಕೈಯಿಂದಲೇ. ಇದನ್ನೆಲ್ಲ ಕಚೇರಿಗೆ ಕಾಗದವಾಗಿ ಬರೆದು, ಕಳಿಸದೆ ಫೋನಿನಲ್ಲಿಟ್ಟುಕೊಂಡು ಒಂದು ಮಳೆಗಾಲವೇ ಕಳೆದಿತ್ತು. ಮೇಲ್ವಿಚಾರಕ ಗ್ರೆಗೋರ್ ಕೆಟ್ಟವನಲ್ಲ. ಅವನೇ ಕಿವಿಯಲ್ಲಿ ಹೇಳಿದ್ದ: "ನಿಜವಾದ ದೂರಕ್ಕೆ ದುಡ್ಡು ಕೇಳ್ಬೇಡ ತಂಗಿ. ದುಬಾರಿ ಅಂತ ಆ ಊರನ್ನೇ ಕೈಬಿಡ್ತಾರೆ."

ಈಗ ಬೈಕಿನ ಕಂತು ನಿಂತಿತ್ತು. ಸೋಮವಾರ ಬಂದು ಗಾಡಿ ಎತ್ತಿಕೊಂಡು ಹೋಗುವುದಾಗಿ ಸಾಲದವರು ಹೇಳಿಯಾಗಿತ್ತು.

ವೈತೊಬಾದಲ್ಲಿ ಮೀನುಗಾರ ಕಾನಿಸ್ ಅಂದಿನ ಮಾತ್ರೆಗಳನ್ನು ಅವಳೆದುರೇ ನುಂಗಿ, ಮಗುವಿನಂತೆ ಬಾಯಿ ತೆರೆದು ತೋರಿಸಿದ. ಪಕ್ಕೆಲುಬು ಇನ್ನೂ ಎದ್ದು ಕಾಣುತ್ತಿತ್ತು. ಆದರೂ ತೊಡೆಯ ಮೇಲೆ ಹರಿದ ಬಲೆ ಹರಡಿಕೊಂಡಿದ್ದ.

"ಇನ್ನೆರಡೇ ತಿಂಗಳು. ಕಡಲಿಗೆ ಇಳೀತೀನಿ. ಮೊದಲ್ನೇ ಮೀನು ನಿಂಗೆ, ಇಷ್ಟುದ್ದದ್ದು!"

ಒಡಿಲಿಯಾಗೆ ನಗು ಬರಲಿಲ್ಲ. ಬೈಕಿನದು, ಕಾಗದದ್ದು, ಗ್ರೆಗೋರ್ ಹೇಳಿದ್ದು, ಎಲ್ಲವನ್ನೂ ಹೇಳಿಬಿಟ್ಟಳು. "ಕಳಿಸಿದ್ರೆ ನಿಮ್ಮೂರನ್ನ ಬಿಟ್ಟಾರು ಅಣ್ಣ. ಕಳಿಸದಿದ್ರೆ ನಾನೇ ಬರೋಕಾಗಲ್ಲ."

ಕಾನಿಸ್ ಬಲೆಯ ಗಂಟನ್ನು ಹಲ್ಲಿನಿಂದ ಬಿಗಿದ. ಆಮೇಲೆ ಬಹಳ ಹೊತ್ತು ಕೆಮ್ಮಿದ.

"ನನ್ನ ಹೆಸರು ಹಾಕಿದೀಯಾ ಅದ್ರಲ್ಲಿ?"

"ಇಲ್ಲ. ವೈತೊಬಾ, ರೋಗಿ ಒಬ್ಬರು ಅಂತ ಇದೆ."

"ಹಾಕು. ಊರು ಬಿಡೋದು ಸುಲಭ. ಹೆಸರು ಓದಿ ಬಿಡ್ಲಿ ನೋಡೋಣ. ಪೂರ್ತಿ ಹೆಸರು ಹಾಕು, ಗೋರಿ ಶಿಲುಬೆ ಮೇಲೆ ಕೆತ್ತೋ ಹಂಗೆ."

"ನಿಮ್ಮ ಬಾಯಿಗೆ ಬೂದಿ ಬೀಳ!" ಎಂದು ಒಲೆಯ ಬಳಿಯಿಂದ ಹೆಂಡತಿ ಕಿರುಚಿದಳು.

ಹಿಂದಿರುಗುವಾಗ ಗುಡ್ಡದ ನೆತ್ತಿಯಲ್ಲಿ ಫೋನಿಗೆ ಸಿಗ್ನಲ್ ಬಂತು. ಒಡಿಲಿಯಾ 'ರೋಗಿ ಒಬ್ಬರು' ಎಂಬುದನ್ನು ಅಳಿಸಿ, ಕಾನಿಸಿಯುಸ್ ಬೋಲಿ ಎಂದು ಬರೆದಳು. ಕೈಯನ್ನು ಅಂಗಿಗೆ ಒರೆಸಿಕೊಂಡು, ಕಳಿಸುವ ಗುಂಡಿ ಒತ್ತಿದಳು. ಪುಟ್ಟ ಚಕ್ರವೊಂದು ತಿರುಗಿತು, ತಡೆಯಿತು, ಮತ್ತೆ ತಿರುಗಿತು. ಕಾಗದ ಹೋಯಿತು.

ಪೆಟ್ರೋಲು ಉಳಿಯಲೆಂದು ಇಂಜಿನ್ ಹಚ್ಚದೆಯೇ ಅವಳು ಬೈಕನ್ನು ಇಳಿಜಾರಿಗೆ ಬಿಟ್ಟಳು. ಚಕ್ರದಡಿ ಜಲ್ಲಿ ಮಾತ್ರ ಸರಸರ ಸದ್ದು ಮಾಡುತ್ತಿತ್ತು.