ತಾಟಿನಂಚಿನ ಸೇಬು

ಕನಕಮ್ಮ ಗಾಜಿನ ಬರಣಿಯನ್ನು ಜೋಳದ ಚೀಲಗಳ ಹಿಂದೆ ತಳ್ಳಿ ಅದರ ಮೇಲೆ ಹಳೆಯ ಕೌದಿ ಎಳೆಯುವಷ್ಟರಲ್ಲಿ ಹೊರಗಿನಿಂದ ಯಂಕಮ್ಮನ ದನಿ ಬಂತು.

“ಕನಕೀ, ಅರಿಷಿಣ ಎಲ್ಲಿಟ್ಟೀ? ನಿಮ್ಮತ್ತಿಗೆ ನೀರು ಹಾಕಾಕತ್ತೀವಿ.”

“ತಂದೆ ಚಿಗವ್ವಾ.”

ಹಿತ್ತಿಲಲ್ಲಿ ಅತ್ತೆ ಅಯ್ಯಮ್ಮನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ನಸುಕಿನಲ್ಲಿ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಡಾಕ್ಟರು ಬಂದು, ಎದೆಬಡಿತ ನಿಂತಿದೆ ಎಂದಷ್ಟೇ ಹೇಳಿ ಹೋಗಿದ್ದರು. ತಂಗಿ ಯಂಕಮ್ಮ ಗುರುಗುಂಟಾದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಅವಳೀಗ ಒದ್ದೆ ಅರಿವೆಯಿಂದ ಅಕ್ಕನ ಬಾಯಿ ಒರೆಸುತ್ತಿದ್ದಳು.

“ನಾಲಿಗಿ ನೋಡು, ಎಷ್ಟು ಕೆಂಪಾಗೈತಿ.”

“ನಿನ್ನೆ ಸಂಜಿಕ ಸೇಬು ಕುದಿಸಿದ್ಲಲ್ಲ, ಪಾಕ ನೆಕ್ಕಿರ್ತಾಳ ಬಿಡು,” ಎಂದಳು ಪಕ್ಕದ ಮನೆಯ ಚಾಂದ್‌ಬೀ. “ಅಕಿ ಚಾಳಿ ಗೊತ್ತಿಲ್ಲೇನು?”

ಕನಕಮ್ಮನ ಕೈಯಿಂದ ಅರಿಷಿಣದ ಬಟ್ಟಲು ಜಾರಿ ಕಲ್ಲಿನ ಮೇಲೆ ಚೆಲ್ಲಿತು.

“ಸೊಸಿ ಬಾಳ ಹಚ್ಚಿಗೊಂಡಿದ್ಲು,” ಎಂದು ಯಾರೋ ಅಂದರು. “ಕೈಕಾಲಾಗ ಜೀವಿಲ್ಲ ನೋಡ್ರಿ.”

*

ಅಯ್ಯಮ್ಮ ಮದುವೆಗೆ ಮೊದಲೂ ನಂತರವೂ ಚಿನ್ನದ ಗಣಿಯ ಸಾಹೇಬರ ಬಂಗಲೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದವಳು. ಅಲ್ಲಿನ ಅಡುಗೆಯವನು ಬಂದೇಸಾಬನು ಆ ಸಾಹೇಬರ ತಾಟಿನ ಅಂಚಿಗೆ ಇಡುತ್ತಿದ್ದ ಕೆಂಪು ಸೇಬನ್ನು ನೋಡಿ ನೋಡಿಯೇ ಕಲಿತಿದ್ದಳು. ಸೇಬಿನ ನಡುವಿನ ಬೀಜ ತೆಗೆದು ಬಳೆಯಂತೆ ಕೊಯ್ಯಬೇಕು. ಸಕ್ಕರೆ, ನಿಂಬೆರಸ, ಲವಂಗ, ಚಕ್ಕೆ ಹಾಕಿದ ಪಾಕದಲ್ಲಿ ಕೆಂಪು ಬಣ್ಣ ಕದಡಿ, ತುಂಡಿನ ಆಚೆಯ ಬೆಳಕು ಕಾಣುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಲಿಂಗಸುಗೂರಿನ ಈ ಮನೆಯಲ್ಲಿ ನೆಂಟರು ಉಂಡರೆಂದರೆ ಜೋಳದ ರೊಟ್ಟಿ ಪುಂಡಿಪಲ್ಯದ ಪಕ್ಕದಲ್ಲೂ ಒಂದು ಕೆಂಪು ಬಳೆ ಇರಲೇಬೇಕು.

“ಇದು ಹೊಟ್ಟಿಗೆ ಅಲ್ಲವ್ವಾ, ತಾಟಿಗೆ. ಹಣಿಗೆ ಕುಂಕುಮ ಇಟ್ಟಂಗ,” ಎನ್ನುತ್ತಿದ್ದಳು.

ತೊಂಬತ್ತೊಂದರ ಹಿಂಗಾರಿ ಬಿತ್ತನೆಯ ದಿನಗಳು. ಸಾಯುವ ಹಿಂದಿನ ಸಂಜೆ, ಕಿರಿಮಗಳನ್ನು ನೋಡಲು ಮರುದಿನ ಮಸ್ಕಿಯಿಂದ ಬರುವ ಗಂಡಿನ ಕಡೆಯವರಿಗಾಗಿ ಅಯ್ಯಮ್ಮ ಒಲೆಯ ಮುಂದೆ ಕೂತಿದ್ದಳು. ಕರೆಂಟು ಹೋಗಿತ್ತು.

“ಬಣ್ಣ ಕಲಸಾಕ ಒಂದು ಬಟ್ಟಲ ಕೊಡವ್ವಾ.”

ಕನಕಮ್ಮ ಕತ್ತಲಲ್ಲಿ ತಡಕಾಡಿ, ಹಿತ್ತಿಲ ಬಾಗಿಲ ಬಳಿ ಕೈಗೆ ಸಿಕ್ಕ ಬಟ್ಟಲು ತಂದು ಕೊಟ್ಟಳು. ಅಯ್ಯಮ್ಮ ಅದರಲ್ಲೇ ಬಣ್ಣ ಕದಡಿ ಪಾಕಕ್ಕೆ ಸುರಿದಳು. ಆಮೇಲೆ ಬಂಗಲೆಯ ರೂಢಿಯಂತೆ ಮೊದಲ ತುಂಡನ್ನು ತಾನೇ ಬಾಯಿಗಿಟ್ಟಳು.

“ಯಾಕೋ ಕಹಿ ಹೊಡಿತೈತಿ. ಲವಂಗ ಹೆಚ್ಚಾತೇನೋ. ನೀ ಈಗ ತಿನ್ನಬ್ಯಾಡ, ನಾಳಿಗೆ ಸರಿ ಹೋಗ್ತೈತಿ.”

ಬೆಳಿಗ್ಗೆ ಅಳುವವರ ನಡುವಿನಿಂದ ಕನಕಮ್ಮ ಎದ್ದು ಬಂದು ನೋಡಿದಾಗ ಆ ಬಟ್ಟಲಿನ ಹೊರಮೈಗೆ ಗುಲಾಬಿ ಪುಡಿ ಅಂಟಿತ್ತು. ಅದು ಮಾವ ನರಸಣ್ಣ ಬಿತ್ತುವ ಬೀಜಕ್ಕೆ ಔಷಧಿ ಕಲೆಸುವ ಬಟ್ಟಲು. ಹುಳ ತಿಂದರೆ ಹುಳ ಸಾಯುತ್ತದೆ, ಕಾಳಿಗೆ ಕೈ ಹಾಕಿದವರು ಸೋಪು ಹಚ್ಚಿ ತೊಳೆಯಬೇಕು ಎಂದು ಗಂಡ ವಿರೂಪಾಕ್ಷಪ್ಪ ಹೇಳಿದ್ದ. ಅವನು ಸಿಂಧನೂರಿನ ಬೀಜದ ಅಂಗಡಿಯಲ್ಲಿ ಕೆಲಸ ಮಾಡುವವನು. ಕನಕಮ್ಮ ಬೂದಿ ಹಾಕಿ ಬಟ್ಟಲನ್ನು ತಿಕ್ಕಿದಳು. ತಿಕ್ಕಿದ ಮೇಲೆ, ಯಾಕೆ ತಿಕ್ಕಿದೆನೆಂದು ಇನ್ನಷ್ಟು ಹೆದರಿದಳು.

*

ಮಣ್ಣು ಮಾಡಿ ಬಂದವರು ಕಾಲು ತೊಳೆದು ಪಡಸಾಲೆಯಲ್ಲಿ ಕೂತರು. ಅಂದು ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಚಾಂದ್‌ಬೀ ತನ್ನ ಮನೆಯಿಂದ ಅನ್ನ, ಬ್ಯಾಳಿ ಮಾಡಿ ತಂದಿದ್ದಳು. ನರಸಣ್ಣನಿಗೆ ಹಾಸಲು ಕೌದಿ ತರುತ್ತೇನೆಂದು ಯಂಕಮ್ಮ ಒಳಗೆ ಹೋದಳು. ಕನಕಮ್ಮ ಎದ್ದು ಹಿಂದೆ ಓಡುವಷ್ಟರಲ್ಲಿ ಅವಳು ಸೇಬಿನ ಬರಣಿ ಹಿಡಿದುಕೊಂಡೇ ಹೊರಗೆ ಬಂದಿದ್ದಳು.

“ಚೀಲದ ಹಿಂದ ಬಚ್ಚಿಟ್ಟಾಳ ನೋಡ್ರಿ ನಮ್ಮಕ್ಕ, ನಾವೆಲ್ಲಿ ತಿಂತೀವೋ ಅಂತ.”

ಅಳುತ್ತಿದ್ದವರೂ ನಕ್ಕರು.

“ನನ್ನ ಮಗನ ಸುನ್ನತಿಗೆ ಬಂದು ಬಿರಿಯಾನಿ ಮ್ಯಾಲೂ ಇಟ್ಟಿದ್ಲು,” ಎಂದಳು ಚಾಂದ್‌ಬೀ. “ನಮ್ಮ ಮಾವ ಟಮಾಟಿ ಅಂತ ತಿಂದು, ಏನಬೇ ಇದು ಅತ್ತರು ಹಾಕೀಯೇನು ಅಂದಿದ್ದ.”

“ಒಲಿ ಹಚ್ಚಂಗಿಲ್ಲ, ಆದ್ರ ಇದು ನಿನ್ನೆ ಮಾಡಿದ್ದು. ಅಕಿ ಕೈಯಾಂದು ಇದ ಕಡೀದು. ಎಲ್ಲಾರೂ ಒಂದೊಂದು ತಿನ್ರಿ,” ಎನ್ನುತ್ತ ಯಂಕಮ್ಮ ಪ್ರತಿ ತಾಟಿನ ಅಂಚಿಗೂ ಒಂದೊಂದು ಬಳೆ ಇಟ್ಟಳು.

ಕನಕಮ್ಮ ತಾಟುಗಳನ್ನು ಎಣಿಸಿದಳು. ಹೇಳಿದರೆ ಅತ್ತೆಯನ್ನು ಕೊಂದವಳು. ಈ ಜನ, ಈ ಊರು, ಗಂಡ, ಯಾರು ಬಿಟ್ಟಾರು? ಹೇಳದಿದ್ದರೆ ಈ ತಾಟುಗಳು.

“ಯಾವಾಗಲೂ ಮೊದಲ ಅಕೀನ ತಿಂತಿದ್ಲು,” ಎಂದು ನರಸಣ್ಣ ತನ್ನ ತಾಟಿನ ಬಳೆಯನ್ನು ಎತ್ತಿದ. “ಇವತ್ತು ನಾ ತಿಂತೀನಿ.”

ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ಸೆರಗು ಸರಿಸದಿದ್ದ ಕನಕಮ್ಮ ಮುಂದೆ ನುಗ್ಗಿ ಅವನ ಮಣಿಕಟ್ಟು ಹಿಡಿದಳು. ಬಳೆ ಜಾರಿ ನೆಲಕ್ಕೆ ಬಿತ್ತು.

“ಬ್ಯಾಡ್ರಿ ಮಾವಾ. ಬೀಜದ ಔಷಧಿ ಬಟ್ಟಲದಾಗ ಬಣ್ಣ ಕಲಿಸ್ಯಾರ. ಕತ್ತಲಾಗ ನಾನ ಕೊಟ್ಟೆ. ನನಗ ಗೊತ್ತಾಗಲಿಲ್ಲ.”

ತಾಟುಗಳು ಒಂದೊಂದಾಗಿ ನೆಲಕ್ಕಿಳಿದವು. ವಿರೂಪಾಕ್ಷಪ್ಪ ಹೆಂಡತಿಯನ್ನು ನೋಡಿದ.

“ಮುಂಜಾನಿಂದ ನನ್ನ ಮಗ್ಗಲದಾಗ ಕುಂತು ಅಳತಿದ್ದೆಲ್ಲಬೇ,” ಎಂದಳು ಯಂಕಮ್ಮ, ಮೆಲ್ಲಗೆ. “ಇಷ ಕೊಟ್ಟು ಅಳತಿದ್ದೆಲ್ಲ.”

ಅಂಗಳದ ಹ್ಯಾಟೆ ಕೋಳಿಯೊಂದು ಯಾವಾಗಲೋ ಪಡಸಾಲೆ ಏರಿತ್ತು. ಕೆಳಗೆ ಬಿದ್ದ ಸೇಬನ್ನು ಕುಕ್ಕಿತು, ಕೊಕ್ಕು ನೆಲಕ್ಕೆ ಒರೆಸಿತು, ಮತ್ತೆ ಕುಕ್ಕಿತು. ಯಾರೂ ಹುಶ್ ಅನ್ನಲಿಲ್ಲ. ಪೂರ್ತಿ ತಿಂದಾದ ಮೇಲೆ ಚಾಂದ್‌ಬೀ ಅದನ್ನು ಹಿಡಿದು ಬಿದಿರು ಬುಟ್ಟಿ ಬೋರಲು ಹಾಕಿ ಮುಚ್ಚಿದಳು.

“ಯಾರೂ ಏನೂ ಅನಬ್ಯಾಡ್ರಿ. ಹೊತ್ತು ಮುಣಗೂತನ ಕೋಳಿ ಏನಾಗ್ತೈತಿ ನೋಡೂಣು.”

ಅನ್ನ ಆರಿತು. ದೂರದವರು ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು. ಯಂಕಮ್ಮ ಹೋಗಲಿಲ್ಲ. ಬುಟ್ಟಿಯ ಆ ಕಡೆ ಅವಳು, ಈ ಕಡೆ ಕನಕಮ್ಮ. ಮೊದಮೊದಲು ಒಳಗೆ ಕೆದರುವ ಸದ್ದಿತ್ತು. ಬೆಳಕು ಕುಂದುತ್ತ ಬಂದಂತೆ ಅದೂ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಏಕಕಾಲಕ್ಕೆ ಬಾಗಿ ಬುಟ್ಟಿಗೆ ಕಿವಿ ಹಚ್ಚಿದರು. ತಲೆಗೆ ತಲೆ ತಾಗಿತು. ಯಾರೂ ಹಿಂದೆ ಸರಿಯಲಿಲ್ಲ.

ಹೊತ್ತು ಮುಳುಗಿ ಬಹಳ ಸಮಯವಾದ ಮೇಲೆ ಒಳಗೆ ಕೋಳಿ ಒಮ್ಮೆ ರೆಕ್ಕೆ ಕೊಡವಿ, ಮತ್ತೆ ಮುದುಡಿ ಕೂತಿತು.